ಕ್ರ್ಯಾಂಕ್‌ಬೇಟ್‌ಗೆ ಯಾವ ರಾಡ್? ಮೊದಲು ಬಳುಕು ನೋಡಿ, ಉಳಿದದ್ದು ಆಮೇಲೆ

ಮೀನು ಹಿಡಿಯುವ ರಾಡ್ ಕೊಳ್ಳಲು ಹೋದವರು ಮೊದಲು ಅದನ್ನು ಎರಡು ಸಲ ಝಾಡಿಸಿ ನೋಡುತ್ತಾರೆ. ತುದಿ ತಟ್ಟನೆ ನಿಂತರೆ ಒಳ್ಳೆ ಮಾಲು, ತೂಗಾಡುತ್ತಿದ್ದರೆ ಕಳಪೆ ಅಂತ ತೀರ್ಮಾನ. ಜಿಗ್‌ಗೋ (ಭಾರದ ತಲೆಯ ಗಾಳ) ಪ್ಲಾಸ್ಟಿಕ್ ಹುಳಕ್ಕೋ ಈ ಲೆಕ್ಕ ನಡೆಯುತ್ತದೆ. ಕ್ರ್ಯಾಂಕ್‌ಬೇಟ್ ಎಸೆಯುವವರಿಗೆ ನಡೆಯುವುದಿಲ್ಲ. ಇಲ್ಲಿ ಬಳುಕುವ ರಾಡೇ ಬೇಕು.

ಯಾಕೆ ಅಂತ ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ. ಕ್ರ್ಯಾಂಕ್‌ಬೇಟ್ ಅಂದರೆ ಮರದ ಅಥವಾ ಗಟ್ಟಿ ಪ್ಲಾಸ್ಟಿಕ್‌ನ ಪುಟ್ಟ ನಕಲಿ ಮೀನು. ಮೂತಿಯ ಕೆಳಗೆ ಚಪ್ಪಟೆಯಾದ ಒಂದು ನಾಲಿಗೆ ಇರುತ್ತದೆ. ರೀಲ್ (ದಾರ ಸುತ್ತುವ ರಾಟೆ) ಸುತ್ತಿದಾಗ ನೀರು ಆ ನಾಲಿಗೆಗೆ ಹೊಡೆಯುತ್ತದೆ. ಲ್ಯೂರ್, ಅಂದರೆ ಆ ನಕಲಿ ಬೇಟೆ, ಕೆಳಕ್ಕೆ ಮುಳುಗುತ್ತಾ ಅತ್ತಿತ್ತ ಹೊಯ್ದಾಡುತ್ತದೆ. ಹೊಟ್ಟೆಯಡಿ ಒಂದು, ಬಾಲಕ್ಕೆ ಒಂದು, ಹೀಗೆ ಸಾಮಾನ್ಯವಾಗಿ ಎರಡು ಟ್ರೆಬಲ್ ಗಾಳ. ಒಂದೊಂದರಲ್ಲೂ ಮೂರು ಮುಳ್ಳು. ಮುಳ್ಳು ಜಾಸ್ತಿ, ಆದರೆ ಗಾಳ ಸಣ್ಣದು, ತಂತಿ ತೆಳು. ಜಿಗ್‌ನ ದಪ್ಪ ಗಾಳದ ಹಾಗೆ ಆಳಕ್ಕೆ ನಾಟುವುದಿಲ್ಲ. ಎಷ್ಟೋ ಸಲ ತುಟಿಯ ಅಂಚಿನ ಚರ್ಮದಲ್ಲಿ ಒಂದೇ ಮುಳ್ಳು ಸಿಕ್ಕಿಕೊಂಡಿರುತ್ತದೆ. ಜೋರಾಗಿ ಎಳೆದರೆ ಚರ್ಮದ ತೂತು ಹಿಗ್ಗುತ್ತದೆ. ಆಮೇಲೆ ಮೀನು ಒಂದು ಸಲ ತಲೆ ಕೊಡವಿದರೆ ಸಾಕು, ದಾರ ಸಡಿಲ.

ಕಚ್ಚುವ ಹೊತ್ತಿನಲ್ಲೂ ಹೀಗೇ. ಬಾಸ್‌ನಂಥ ಮೀನು ಬಾಯಿ ಅಗಲಿಸಿ, ನೀರಿನ ಸಮೇತ ಬೇಟೆಯನ್ನು ಒಳಕ್ಕೆ ಹೀರುತ್ತದೆ. ನಾವೋ ಆಗ ರೀಲ್ ಸುತ್ತುತ್ತಲೇ ಇರುತ್ತೇವೆ, ದಾರ ಬಿಗಿಯಾಗೇ ಇರುತ್ತದೆ. ರಾಡ್ ಗಟ್ಟಿ ಇದ್ದರೆ ಬಾಯೊಳಗೆ ಹೋಗಬೇಕಾದ ಲ್ಯೂರನ್ನು ನಾವೇ ಹೊರಗೆ ಎಳೆದುಕೊಂಡಂತೆ. ಬಳುಕುವ ರಾಡ್ ಮೊದಲು ಸ್ವಲ್ಪ ಬಿಟ್ಟುಕೊಡುತ್ತದೆ, ಆಮೇಲೆ ತಾನೇ ಬಿಗಿಯುತ್ತದೆ. ಮೀನು ದಡದ ಹತ್ತಿರ ಬಂದು ಮೇಲಕ್ಕೆ ಹಾರಿದಾಗಲೂ ಅಷ್ಟೇ. ರಾಡ್‌ನ ಬಾಗು ಕುಶನ್ ಆಗಿ ನಿಂತು ದಾರದ ಬಿಗುವು ಕಳೆಯದಂತೆ ನೋಡಿಕೊಳ್ಳುತ್ತದೆ.

ಆಕ್ಷನ್ ಬೇರೆ, ಪವರ್ ಬೇರೆ

ಹೊಸಬರು ಎಡವುವುದು ಇಲ್ಲೇ. ರಾಡ್‌ನ ಮೇಲೆ "ಮೀಡಿಯಂ ಹೆವಿ, ಮಾಡರೇಟ್" ಅಂತ ಬರೆದಿರುತ್ತದೆ. ಇವು ಎರಡು ಬೇರೆ ಬೇರೆ ಮಾತು. ಆಕ್ಷನ್ ಅಂದರೆ ರಾಡ್ ಎಲ್ಲಿಂದ ಬಾಗುತ್ತದೆ ಅನ್ನುವುದು. ಫಾಸ್ಟ್ ಆದರೆ ತುದಿಯ ಕಡೆಯ ಮೂರನೇ ಒಂದು ಭಾಗವಷ್ಟೇ ಬಾಗುತ್ತದೆ, ಕೆಳಗಿನದು ನೆಟ್ಟಗೆ ನಿಂತಿರುತ್ತದೆ. ಮಾಡರೇಟ್ ಆದರೆ ಬಾಗು ನಡುವಿನ ತನಕ ಇಳಿಯುತ್ತದೆ. ಸ್ಲೋ ಆದರೆ ಹೆಚ್ಚುಕಡಿಮೆ ಹಿಡಿಯ ತನಕ. ಪವರ್ ಅಂದರೆ ಅಷ್ಟು ಬಾಗಿಸೋಕೆ ಎಷ್ಟು ಬಲ ಬೇಕು ಅನ್ನುವುದು. ಲೈಟ್, ಮೀಡಿಯಂ, ಹೆವಿ ಎಲ್ಲ ಪವರ್‌ನ ಹೆಸರುಗಳು.

ಹಾಗಾಗಿ ಹೆವಿ ಪವರ್ ರಾಡ್ ಮಾಡರೇಟ್ ಆಗಿಯೂ ಇರಬಹುದು, ಲೈಟ್ ರಾಡ್ ಫಾಸ್ಟ್ ಆಗಿಯೂ ಇರಬಹುದು. "ಮೃದುವಾದ್ದು ಬೇಕು" ಅಂತ ಕೇಳಿದರೆ ಅಂಗಡಿಯವರು ಒಮ್ಮೊಮ್ಮೆ ಪವರ್ ಕಡಿಮೆ ಇರುವ ಫಾಸ್ಟ್ ರಾಡ್ ತಂದು ಕೊಡುತ್ತಾರೆ. ಅದು ಬೇಡ. ಕ್ರ್ಯಾಂಕ್‌ಬೇಟ್‌ಗೆ ಆಕ್ಷನ್ ಮಾಡರೇಟ್ ಅಥವಾ ಮಾಡರೇಟ್ ಫಾಸ್ಟ್ ಇರಲಿ. ಪವರ್ ಎಷ್ಟು ಬೇಕು ಅನ್ನುವುದನ್ನು ಲ್ಯೂರ್‌ನ ತೂಕ, ಅದು ನೀರಿನಲ್ಲಿ ಎಳೆಯುವ ಜೋರು ನೋಡಿ ತೀರ್ಮಾನ ಮಾಡಿ.

ಈ ಹೆಸರುಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಒಂದು ಅಳತೆ ಇಲ್ಲ ಅನ್ನುವುದು ನೆನಪಿರಲಿ. ಒಬ್ಬರ ಮೀಡಿಯಂ ಇನ್ನೊಬ್ಬರ ಮೀಡಿಯಂ ಹೆವಿ ಆಗಿರುತ್ತದೆ. ಹಿಡಿಯ ಮೇಲ್ಗಡೆ ಲ್ಯೂರ್ ತೂಕದ ಮಿತಿ ಅಚ್ಚಾಗಿರುತ್ತದಲ್ಲ, ನಾನು ಹೆಸರಿಗಿಂತ ಅದನ್ನೇ ಜಾಸ್ತಿ ನಂಬುತ್ತೇನೆ. ಕಾಲು ಔನ್ಸ್‌ನಿಂದ ಮುಕ್ಕಾಲು ಔನ್ಸ್, ಅಂದರೆ ಸುಮಾರು 7ರಿಂದ 21 ಗ್ರಾಂ ಅಂತ ಇದ್ದರೆ, ಆ ರಾಡ್ ಚೆನ್ನಾಗಿ ಕೆಲಸ ಮಾಡುವುದು ನಡುವಿನ ತೂಕಕ್ಕೆ. ಎರಡು ತುದಿಯಲ್ಲೂ ಕೆಲಸ ನಡೆಯುತ್ತದೆ, ಖುಷಿ ಕೊಡುವುದಿಲ್ಲ.

ಗ್ಲಾಸ್, ಗ್ರಾಫೈಟ್, ಎರಡರ ಬೆರಕೆ

ಜಾಸ್ತಿ ವಾದ ನಡೆಯುವುದು ಇದರ ಮೇಲೆ. ಎರಡನೇ ಮಹಾಯುದ್ಧದ ನಂತರ ಫೈಬರ್‌ಗ್ಲಾಸ್ ರಾಡ್‌ಗಳು ಎಲ್ಲ ಕಡೆ ಹರಡಿದವು. 1970ರ ದಶಕದಲ್ಲಿ ಗ್ರಾಫೈಟ್, ಅಂದರೆ ಕಾರ್ಬನ್ ನಾರಿನ ರಾಡ್ ಬಂತು. ಹಗುರ, ಚುರುಕು, ಸಣ್ಣ ಮಿಡಿತವೂ ಕೈಗೆ ತಲುಪುತ್ತದೆ. ಬಹುಪಾಲು ಕೆಲಸಗಳಿಗೆ ಗ್ಲಾಸ್ ಮೂಲೆಗೆ ಹೋಯಿತು. ಕ್ರ್ಯಾಂಕ್‌ಬೇಟ್ ಹಾಕುವವರು ಮಾತ್ರ ಅದನ್ನು ಬಿಡಲಿಲ್ಲ.

ಗ್ಲಾಸ್‌ನ ಗುಣ ನೋಡಿ. ಅದರ ನಾರು ಕಾರ್ಬನ್‌ನ ನಾರಿಗಿಂತ ಹೆಚ್ಚು ಬಾಗುತ್ತದೆ, ಬಾಗಿದ್ದು ನಿಧಾನವಾಗಿ ನೆಟ್ಟಗಾಗುತ್ತದೆ. ಎಸೆಯುವಾಗ ಈ ನಿಧಾನ ಒಳ್ಳೆಯದು, ಲ್ಯೂರ್‌ನ ತೂಕ ರಾಡ್‌ನ ಮೇಲೆ ಪೂರ್ತಿ ಕೂತು ಆಮೇಲೆ ಚಿಮ್ಮುತ್ತದೆ. ಮೀನು ಕಚ್ಚಿದಾಗ ಅದೇ ನಿಧಾನ ಲ್ಯೂರ್ ಬಾಯೊಳಗೆ ಹೋಗಲು ಅವಕಾಶ ಕೊಡುತ್ತದೆ. ಪೆಟ್ಟನ್ನೂ ತಡೆಯುತ್ತದೆ. ದೋಣಿಯ ಅಂಚಿಗೆ ತಗುಲಿದರೆ ಗ್ರಾಫೈಟ್‌ಗೆ ಕಾಣದ ಬಿರುಕು ಬಿಟ್ಟು, ಮುಂದೊಂದು ದಿನ ದೊಡ್ಡ ಮೀನು ಸಿಕ್ಕಾಗಲೇ ಲಟಕ್ಕನೆ ಮುರಿಯಬಹುದು. ಗ್ಲಾಸ್ ಅಷ್ಟು ಸುಲಭಕ್ಕೆ ಮುರಿಯುವುದಿಲ್ಲ.

ದೋಷ ಎರಡು. ಒಂದು ತೂಕ. ಅಷ್ಟೇ ಬಿಗುವು ಬರಬೇಕಾದರೆ ಗ್ಲಾಸ್ ಜಾಸ್ತಿ ಸುರಿಯಬೇಕು, ಹಾಗಾಗಿ ಉದ್ದದ ಗ್ಲಾಸ್ ರಾಡ್ ಮೂತಿ ಭಾರವಾಗಿ ತೂಗುತ್ತದೆ. ಇನ್ನೊಂದು, ಸೂಕ್ಷ್ಮ ತಿಳಿಯುವುದಿಲ್ಲ. ಲ್ಯೂರ್ ತಳದ ಕಲ್ಲಿಗೆ ಉಜ್ಜಿತೋ, ಜೊಂಡಿಗೆ ಸಿಕ್ಕಿತೋ, ಮೀನು ಬಂದು ಮೂತಿ ತಾಗಿಸಿತೋ ಅನ್ನುವ ವ್ಯತ್ಯಾಸ ಗ್ರಾಫೈಟ್‌ನಲ್ಲಿ ಗೊತ್ತಾಗುವಷ್ಟು ಇಲ್ಲಿ ಗೊತ್ತಾಗುವುದಿಲ್ಲ.

ಆದರೆ ಈ ಎರಡನೇ ದೋಷವನ್ನು ಜನ ದೊಡ್ಡದು ಮಾಡುತ್ತಾರೆ ಅಂತ ನನಗನ್ನಿಸುತ್ತದೆ. ಕ್ರ್ಯಾಂಕ್‌ಬೇಟ್ ಸುಮ್ನೆ ಕೂರುವ ಲ್ಯೂರ್ ಅಲ್ಲ. ಅದು ಹೊಯ್ದಾಡುವ ದಡದಡ ಸದ್ದು ಹಿಡಿಯ ತನಕ ಬರುತ್ತಲೇ ಇರುತ್ತದೆ. ನಾವು ಗಮನಿಸಬೇಕಾದ್ದು ಆ ದಡದಡ ಎಲ್ಲಿ ನಿಂತಿತು, ಎಲ್ಲಿ ತಾಳ ತಪ್ಪಿತು ಅನ್ನುವುದನ್ನು. ನಾಲಿಗೆಗೆ ಒಂದು ಎಳೆ ಪಾಚಿ ಸುತ್ತಿಕೊಂಡರೂ ಆ ಮಿಡಿತ ಮಂಕಾಗುತ್ತದೆ, ಗ್ಲಾಸ್ ರಾಡ್‌ನಲ್ಲೂ ಅದು ಕೈಗೆ ತಿಳಿಯುತ್ತದೆ. ಇನ್ನು ತೂಕದ ವಿಷಯ. ಕ್ರ್ಯಾಂಕ್‌ಬೇಟ್ ಎಳೆಯುವಾಗ ತುದಿಯನ್ನು ನೀರಿನ ಕಡೆಗೆ ತಗ್ಗಿಸಿ ಹಿಡಿಯುತ್ತೇವೆ. ಹಾಗಾಗಿ ಮೂತಿ ಭಾರ ಇದ್ದರೂ, ತುದಿ ಎತ್ತಿ ಹಿಡಿದು ಆಡುವ ಲ್ಯೂರ್‌ಗಳಷ್ಟು ಕೈ ನೋಯುವುದಿಲ್ಲ. ಸ್ವಲ್ಪ ಭಾರದ ರೀಲ್ ಕೂರಿಸಿದರೆ ಸಮತೋಲವೂ ಸರಿಹೋಗುತ್ತದೆ.

ಪೂರ್ತಿ ಗ್ರಾಫೈಟ್‌ನಲ್ಲೂ ಕ್ರ್ಯಾಂಕ್‌ಬೇಟ್‌ಗೆಂದೇ ಮಾಡಿದ ಮಾಡರೇಟ್ ರಾಡ್‌ಗಳಿವೆ. ದಿನವಿಡೀ ಎಸೆಯುವವರಿಗೆ ಆ ಹಗುರ ಹಿತ. ಚಳಿಯ ನೀರಿನಲ್ಲಿ ಮೀನು ಮೆತ್ತಗೆ ಕಚ್ಚುವಾಗಲೂ ಇವೇ ಮೇಲು. ಆದರೆ ಕೈ ಪಳಗಿರಬೇಕು. ಮೀನು ತಾಗಿದ್ದು ಬೇಗ ತಿಳಿಯುತ್ತದೆ, ತಿಳಿದ ಕೂಡಲೇ ಕೈ ತಾನಾಗಿ ಎಳೆದುಬಿಡುತ್ತದೆ, ಗಾಳ ಇನ್ನೂ ಬಾಯೊಳಗೆ ಹೋಗಿರುವುದಿಲ್ಲ. ಬೇರೆ ಕಡೆ ವರವಾದ ಚುರುಕು ಇಲ್ಲಿ ಕಾಟ ಕೊಡುತ್ತದೆ.

ನಡುವೆ ಇರುವುದು ಕಾಂಪೊಸಿಟ್, ಅಂದರೆ ಗ್ಲಾಸ್ ಮತ್ತು ಗ್ರಾಫೈಟ್ ಬೆರೆಸಿದ್ದು. ಬೆರೆಸುವ ರೀತಿ ಕಂಪನಿಯಿಂದ ಕಂಪನಿಗೆ ಬೇರೆ. ತುದಿಯ ಕಡೆ ಗ್ಲಾಸ್, ಬುಡದ ಕಡೆ ಗ್ರಾಫೈಟ್ ಇರುವಂಥವೂ ಇವೆ, ಉದ್ದಕ್ಕೂ ಪದರ ಪದರವಾಗಿ ಬೆರೆಸಿದಂಥವೂ ಇವೆ. ಒಂದೇ ರಾಡ್‌ನಲ್ಲಿ ಹಲವು ಬಗೆಯ ಕ್ರ್ಯಾಂಕ್‌ಬೇಟ್ ಹಾಕುವವರಿಗೆ ನಾನು ಹೇಳುವುದು ಇದನ್ನೇ. ಗ್ಲಾಸ್‌ನ ತಾಳ್ಮೆ ಮುಕ್ಕಾಲು ಪಾಲು ಸಿಗುತ್ತದೆ, ತೂಕ ಅಷ್ಟಿಲ್ಲ.

ಲ್ಯೂರ್ ನೋಡಿ ರಾಡ್

"ಕ್ರ್ಯಾಂಕಿಂಗ್ ರಾಡ್" ಅಂತ ಹೆಸರು ಹಾಕಿ ಮಾರುವುದೆಲ್ಲ ಎಲ್ಲ ಕ್ರ್ಯಾಂಕ್‌ಬೇಟ್‌ಗೂ ಆಗುವುದಿಲ್ಲ. 3 ಅಡಿ ಆಳದಲ್ಲಿ ಓಡುವ ಲ್ಯೂರ್‌ಗೂ 20 ಅಡಿಗೆ ಇಳಿಯುವ ಲ್ಯೂರ್‌ಗೂ ಇರುವ ಅಂತರ ಸಣ್ಣದಲ್ಲ.

ಸ್ಕ್ವೇರ್‌ಬಿಲ್‌ನಿಂದ ಶುರು ಮಾಡೋಣ. ನಾಲಿಗೆ ಚೌಕ, ಗಿಡ್ಡ. ಸಾಮಾನ್ಯವಾಗಿ 5 ಅಡಿಯೊಳಗೇ ಓಡುತ್ತದೆ. ತೂಕ ಮೂರು ಎಂಟಾಂಶ ಔನ್ಸ್ ಆಸುಪಾಸು, ಸುಮಾರು 10 ಗ್ರಾಂ. ಇದನ್ನು ಹಾಕುವುದೇ ಮುಳುಗಿದ ಮರದ ದಿಮ್ಮಿ, ಬಂಡೆ, ಕಂಬಗಳಿಗೆ ಡಿಕ್ಕಿ ಹೊಡೆಸಲು. ಡಿಕ್ಕಿ ಹೊಡೆದ ಲ್ಯೂರ್ ಪಕ್ಕಕ್ಕೆ ಚಿಮ್ಮಿದಾಗಲೇ ಮೀನು ಮುಗಿಬೀಳುವುದು. ಇಲ್ಲಿ ದೂರಕ್ಕಿಂತ ಗುರಿ ಮುಖ್ಯ. ಎಸೆತ ಗಿಡ್ಡ, ದಿಮ್ಮಿಯ ಪಕ್ಕಕ್ಕೇ ಬೀಳಬೇಕು. ಆರೂವರೆಯಿಂದ 7 ಅಡಿ ಉದ್ದ, ಮೀಡಿಯಂ ಪವರ್, ಮಾಡರೇಟ್ ಅಥವಾ ಮಾಡರೇಟ್ ಫಾಸ್ಟ್. ತೀರಾ ಬಳುಕಿದರೆ ಗುರಿ ತಪ್ಪುತ್ತದೆ. ಸಿಕ್ಕಿದ ಮೀನನ್ನು ಕೊಂಬೆಗಳ ಒಳಗೆ ನುಗ್ಗದಂತೆ ತಿರುಗಿಸುವುದೂ ಕಷ್ಟ. ನನ್ನ ಮಟ್ಟಿಗೆ ಇದಕ್ಕೆ ಗಿಡ್ಡ ಕಾಂಪೊಸಿಟ್ ರಾಡೇ ಸರಿ.

ನಡು ಆಳದವು 6ರಿಂದ 12 ಅಡಿ ಇಳಿಯುತ್ತವೆ. ರಾಪಾಲಾ ಕಂಪನಿಯ ಡಿಟಿ ಸಾಲಿನಲ್ಲಿ ಹೆಸರಿನ ಜೊತೆಗೇ ಆಳದ ಅಂಕಿ ಇರುತ್ತದೆ, ಡಿಟಿ 6 ಅಂದರೆ 6 ಅಡಿ, ಡಿಟಿ 10 ಅಂದರೆ 10 ಅಡಿ. ಇವಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 7 ಅಡಿಯ ಮೀಡಿಯಂ, ಮಾಡರೇಟ್ ರಾಡ್ ಯಾವುದಾದರೂ ನಡೆಯುತ್ತದೆ, ಗ್ಲಾಸ್ ಆದರೂ ಸರಿ.

ಆಳದವು ಬಂದಾಗ ಲೆಕ್ಕ ಬದಲಾಗುತ್ತದೆ. 15 ಅಡಿಯಿಂದ 20 ಅಡಿ, ಕೆಲವು ಅದಕ್ಕೂ ಕೆಳಗೆ. ಸ್ಟ್ರೈಕ್ ಕಿಂಗ್ ಕಂಪನಿಯ 6ಎಕ್ಸ್‌ಡಿ ಲ್ಯೂರ್ ಒಂದು ಔನ್ಸ್ ತೂಗುತ್ತದೆ, ಸುಮಾರು 28 ಗ್ರಾಂ. 10ಎಕ್ಸ್‌ಡಿ ಅದರ ಎರಡರಷ್ಟು. ತೂಕಕ್ಕಿಂತ ದೊಡ್ಡ ಸಮಸ್ಯೆ ಆ ಉದ್ದನೆಯ ನಾಲಿಗೆ. ನೀರನ್ನು ಅದು ಎಷ್ಟು ಜೋರಾಗಿ ಹಿಡಿಯುತ್ತದೆ ಅಂದರೆ, ಮೀಡಿಯಂ ರಾಡ್ ಬರೀ ಎಳೆಯುವಾಗಲೇ ಪೂರ್ತಿ ಬಾಗಿಬಿಡುತ್ತದೆ. ಮೀನು ಕಚ್ಚಿದಾಗ ಗಾಳ ನಾಟಿಸಲು ರಾಡ್‌ನಲ್ಲಿ ಏನೂ ಉಳಿದಿರುವುದಿಲ್ಲ. ಅದಕ್ಕೇ ಇಲ್ಲಿ ಪವರ್ ಮೀಡಿಯಂ ಹೆವಿಗೆ ಏರಬೇಕು, ದೊಡ್ಡವಕ್ಕೆ ಹೆವಿಗೇ. ಆಕ್ಷನ್ ಮಾತ್ರ ಮಾಡರೇಟ್ ಆಗೇ ಇರಲಿ. "ಹೆವಿ ರಾಡ್, ಆದರೆ ನಡುವಿನ ತನಕ ಬಾಗಬೇಕು" ಅಂತ ಕೇಳಿದರೆ ಅಂಗಡಿಯಲ್ಲಿ ವಿಚಿತ್ರವಾಗಿ ನೋಡಿದರೂ ಪರವಾಗಿಲ್ಲ, ಕೇಳಿ.

ಉದ್ದ ಏಳೂವರೆಯಿಂದ 8 ಅಡಿ. ಉದ್ದದ ರಾಡ್ ದೂರಕ್ಕೆ ಎಸೆಯುತ್ತದೆ, ಇಲ್ಲಿ ದೂರವೇ ಆಳ ಕೊಡುವುದು. ಲ್ಯೂರ್ ಬಿದ್ದ ಕೂಡಲೇ ತಳಕ್ಕೆ ಇಳಿಯುವುದಿಲ್ಲ, ಓರೆಯಾಗಿ ಇಳಿಯುತ್ತಾ ಬರುತ್ತದೆ. ನಮ್ಮ ಹತ್ತಿರ ಬಂದಂತೆ ಮತ್ತೆ ಮೇಲಕ್ಕೆ ಏರುತ್ತದೆ. ಎಸೆತ ಗಿಡ್ಡವಾದರೆ ಪೂರ್ತಿ ಆಳಕ್ಕೆ ಇಳಿಯುವ ಮೊದಲೇ ಏರತೊಡಗುತ್ತದೆ. ಪೆಟ್ಟಿಗೆಯ ಮೇಲೆ 20 ಅಡಿ ಅಂತ ಬರೆದದ್ದು ಸಣ್ಣ ಎಸೆತಕ್ಕೆ ಯಾವತ್ತೂ ಸಿಗುವುದಿಲ್ಲ. ಹಿಡಿಯೂ ಉದ್ದ ಇರಬೇಕು. ಎರಡೂ ಕೈ ಹಾಕಿ ಎಸೆಯಬಹುದು, ಎಳೆಯುವಾಗ ಬುಡವನ್ನು ಮೊಣಕೈ ಕೆಳಗೆ ಒತ್ತಿ ಹಿಡಿಯಬಹುದು. ಗಿಡ್ಡ ಹಿಡಿಯ ರಾಡ್‌ನಲ್ಲಿ ಆಳದ ಲ್ಯೂರ್ ಎಳೆದರೆ ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ಸೋತಿರುತ್ತದೆ.

ಇನ್ನು ನಾಲಿಗೆಯೇ ಇಲ್ಲದ ಲಿಪ್‌ಲೆಸ್. ಒಳಗೆ ಗುಂಡು ಹಾಕಿ ಗಲಗಲ ಅನ್ನಿಸುವಂಥವು. ರ‍್ಯಾಟ್-ಎಲ್-ಟ್ರ್ಯಾಪ್ ಇದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ರೀಲ್ ಸುತ್ತದೆ ಸುಮ್ಮನೆ ಬಿಟ್ಟರೆ ಇದು ಮುಳುಗುತ್ತದೆ. ನೀರೊಳಗಿನ ಜೊಂಡಿನ ತಲೆ ಸವರುವಂತೆ ಓಡಿಸುವುದು ಇದರ ಒಳ್ಳೆ ಉಪಯೋಗ. ಸಿಕ್ಕಿಕೊಂಡಾಗ ಚಟಕ್ಕನೆ ಕಿತ್ತು ಬಿಡಿಸಬೇಕು, ಆಗಲೇ ಮೀನು ಕಚ್ಚುವುದು. ಪೂರ್ತಿ ಗ್ಲಾಸ್ ರಾಡ್ ಇಲ್ಲಿ ಕೈಕೊಡುತ್ತದೆ. ನೀವು ಎಳೆಯುತ್ತೀರಿ, ರಾಡ್ ಬಾಗುತ್ತದೆ, ಲ್ಯೂರ್ ಮಾತ್ರ ಜೊಂಡಿನಲ್ಲೇ ಕೂತಿರುತ್ತದೆ. ಮೀಡಿಯಂ ಹೆವಿ, ಮಾಡರೇಟ್ ಫಾಸ್ಟ್, 7 ಅಡಿ ದಾಟಿದ ಗ್ರಾಫೈಟ್ ಅಥವಾ ಗ್ರಾಫೈಟ್ ಹೆಚ್ಚಿರುವ ಕಾಂಪೊಸಿಟ್ ತಗೊಳ್ಳಿ. ಪೂರ್ತಿ ಫಾಸ್ಟ್‌ಗೆ ಮಾತ್ರ ಹೋಗಬೇಡಿ. ಲಿಪ್‌ಲೆಸ್ ಗಾತ್ರಕ್ಕೆ ಮೀರಿದ ತೂಕದ್ದು. ಮೀನು ಹಾರಿ ತಲೆ ಒದರಿದಾಗ ಆ ತೂಕವೇ ಸನ್ನೆಯಾಗಿ ಗಾಳವನ್ನು ಕಿತ್ತು ಹಾಕುತ್ತದೆ. ಬರೀ ತೆರೆದ ನೀರಿನಲ್ಲಿ ಹಾಕುವವರಾದರೆ ಮೆತ್ತನೆಯ ರಾಡೇ ಇರಲಿ.

7 ಗ್ರಾಂಗಿಂತ ಹಗುರದ ಪುಟ್ಟ ಕ್ರ್ಯಾಂಕ್‌ಬೇಟ್‌ಗೆ ಬೇಟ್‌ಕಾಸ್ಟಿಂಗ್ (ರಾಡ್‌ನ ಮೇಲೆ ಕೂರುವ, ಉರುಳೆ ತಿರುಗುವ ರೀಲ್‌ನ ಜೋಡಿ) ಬಿಟ್ಟುಬಿಡಿ. ರೀಲ್ ಕೆಳಗೆ ತೂಗುವ ಮೀಡಿಯಂ ಲೈಟ್ ಸ್ಪಿನ್ನಿಂಗ್ ರಾಡ್‌ನಲ್ಲಿ ಆರಾಮಾಗಿ ಎಸೆಯಬಹುದು.

ದಾರ, ರೀಲ್

ಬಳುಕು ರಾಡ್‌ನಿಂದ ಮಾತ್ರ ಬರುವುದಲ್ಲ, ದಾರವೂ ಹಿಗ್ಗುತ್ತದೆ. ಒಂದೇ ಎಳೆಯ ನೈಲಾನ್ ದಾರ, ಅಂದರೆ ಮಾನೋ, ಚೆನ್ನಾಗಿ ಹಿಗ್ಗುತ್ತದೆ, ಆದರೆ ಬೇಗ ಮುಳುಗುವುದಿಲ್ಲ. ಮೇಲೋಟದ ಲ್ಯೂರ್‌ಗೆ ಅದೇ ಅನುಕೂಲ. ಫ್ಲೋರೋಕಾರ್ಬನ್ ಅನ್ನುವ ದಾರ ಮುಳುಗುತ್ತದೆ, ಲ್ಯೂರ್ ಇನ್ನಷ್ಟು ಕೆಳಗಿಳಿಯುತ್ತದೆ. ಆಳದ ಲ್ಯೂರ್‌ಗೆ 10 ಅಥವಾ 12 ಪೌಂಡ್ ಭಾರ ತಡೆಯುವ ದಾರ ಸಾಮಾನ್ಯ. ತೆಳುವಾದಷ್ಟೂ ನೀರಿನ ತಡೆ ಕಡಿಮೆ, ಆಳ ಜಾಸ್ತಿ. ಹಲವು ಎಳೆ ಹೆಣೆದ ಬ್ರೇಡ್ ಹಿಗ್ಗುವುದೇ ಇಲ್ಲ ಅನ್ನಬಹುದು. ಬ್ರೇಡ್ ಹಾಕುವವರು ರಾಡನ್ನು ಇನ್ನೊಂದು ಹಂತ ಮೆತ್ತಗೆ ಆರಿಸಿಕೊಳ್ಳಬೇಕು. ಫಾಸ್ಟ್ ಗ್ರಾಫೈಟ್ ಮತ್ತು ಬ್ರೇಡ್ ಜೋಡಿ ಇದ್ದರೆ ಟ್ರೆಬಲ್ ಗಾಳದಲ್ಲಿ ಮೀನು ಉಳಿಯುವುದು ಅದೃಷ್ಟ.

ರೀಲ್ ವಿಷಯ ಚಿಕ್ಕದು. ಆಳದ ಲ್ಯೂರ್‌ಗೆ 5:1 (ಹಿಡಿ ಒಂದು ಸುತ್ತಿಗೆ ಉರುಳೆ ಐದು ಸುತ್ತು) ಸುತ್ತಮುತ್ತಲಿನ ಗೇರ್ ಇದ್ದರೆ ಎಳೆತ ಹಗುರ. ಸ್ಕ್ವೇರ್‌ಬಿಲ್, ಲಿಪ್‌ಲೆಸ್‌ಗಳಿಗೆ 6ರಿಂದ 7ರ ಗೇರ್ ಒಳ್ಳೆಯದು, ಸಡಿಲ ದಾರವನ್ನು ಬೇಗ ಸುತ್ತಿಕೊಳ್ಳುತ್ತದೆ.

ಕೊಳ್ಳುವ ಮೊದಲು ಬಾಗಿಸಿ ನೋಡಿ

ಝಾಡಿಸಿ ನೋಡುವುದರಿಂದ ತುದಿಯ ತೂಕ ಗೊತ್ತಾಗುತ್ತದೆ, ಬಾಗು ಗೊತ್ತಾಗುವುದಿಲ್ಲ. ಅಂಗಡಿಯವರನ್ನು ಕೇಳಿಕೊಂಡು ಒಂದು ರೀಲ್ ಕೂರಿಸಿ. ದಾರವನ್ನು ರಾಡ್‌ನ ಮೇಲಿನ ಎಲ್ಲ ಗೈಡ್ ಉಂಗುರಗಳ ಮೂಲಕ ಹಾಯಿಸಿ, ಅರ್ಧ ಲೀಟರ್‌ನ ತುಂಬಿದ ನೀರಿನ ಬಾಟಲಿಗೆ ಕಟ್ಟಿ. ಹಿಡಿಯನ್ನು ನೆಲಕ್ಕೆ ಸಮನಾಗಿ ಹಿಡಿದು ನಿಧಾನವಾಗಿ ಮೇಲೆತ್ತಿ, 45 ಡಿಗ್ರಿ ದಾಟಿಸಬೇಡಿ. ಪಕ್ಕದಲ್ಲಿ ನಿಂತವರು ಬಾಗನ್ನು ನೋಡಲಿ. ತುದಿಯಷ್ಟೇ ಮುರಿದಂತೆ ಕೆಳಗೆ ತಿರುಗಿದರೆ ಅದು ಫಾಸ್ಟ್, ಲೇಬಲ್ ಏನೇ ಹೇಳಲಿ. ಬಾಗು ನಡುವಿನ ತನಕ ಒಂದೇ ಸಮ ಹರಿದು, ಎಲ್ಲೂ ಮೊಣಕಾಲಿನಂತೆ ಗಂಟು ಕಾಣದಿದ್ದರೆ ಅದು ನಮಗೆ ಬೇಕಾದ್ದು. ಬಾಟಲಿ ನೆಲ ಬಿಟ್ಟ ಮೇಲೆ ಬುಡದ ಕಡೆ ಇನ್ನೂ ಬಲ ಉಳಿದಿದೆಯಾ ಅಂತಲೂ ಕೈಯಿಂದಲೇ ತಿಳಿಯುತ್ತದೆ. ತುದಿಯನ್ನು ಬೆರಳಲ್ಲಿ ಹಿಡಿದು ಬಗ್ಗಿಸಿ ಪರೀಕ್ಷೆ ಮಾಡಬೇಡಿ, ಗ್ರಾಫೈಟ್ ರಾಡ್‌ಗಳು ಹಾಗೇ ಮುರಿಯುವುದು.

ಗೈಡ್ ಉಂಗುರಗಳ ಒಳಗೆ ಒಂದು ಚೂರು ಹತ್ತಿ ಆಡಿಸಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ದಾರ ಅಲ್ಲೇ ಸವೆಯುತ್ತದೆ.

ಒಂದೇ ರಾಡ್‌ಗೆ ದುಡ್ಡಿದೆ ಅನ್ನುವವರು 7 ಅಡಿ ಅಥವಾ ಅದಕ್ಕೆ ಒಂದೆರಡು ಇಂಚು ಜಾಸ್ತಿಯ ಮೀಡಿಯಂ, ಮಾಡರೇಟ್ ಕಾಂಪೊಸಿಟ್ ತಗೊಳ್ಳಿ. ಸ್ಕ್ವೇರ್‌ಬಿಲ್‌ಗೂ ನಡು ಆಳದವಕ್ಕೂ ಆಗುತ್ತದೆ, ತೆರೆದ ನೀರಿನ ಲಿಪ್‌ಲೆಸ್‌ಗೂ ಆಗುತ್ತದೆ. ಒಂದು ಔನ್ಸ್ ದಾಟಿದ ಆಳದ ಲ್ಯೂರ್‌ಗಳನ್ನು ಅದರಲ್ಲಿ ಹಾಕಲು ಹೋಗಬೇಡಿ. ಎರಡನೇ ರಾಡ್ ಕೊಳ್ಳುವ ದಿನ ಅದಕ್ಕೆಂದೇ ಉದ್ದದ್ದು ನೋಡಿದರಾಯಿತು.

ಈಗ ಮನೆಯಲ್ಲಿರುವುದು ಫಾಸ್ಟ್ ರಾಡ್ ಒಂದೇ, ಹೊಸದು ಸದ್ಯಕ್ಕಿಲ್ಲ ಅನ್ನುವವರಿಗೂ ದಾರಿಯಿದೆ. ಬ್ರೇಡ್ ತೆಗೆದು ಮಾನೋ ಸುತ್ತಿ. ಮೀನು ಎಳೆದಾಗ ದಾರ ಬಿಡುವ ರೀಲ್‌ನ ಬ್ರೇಕ್, ಅಂದರೆ ಡ್ರ್ಯಾಗ್, ಒಂದೆರಡು ಕ್ಲಿಕ್ ಸಡಿಲಿಸಿ. ಎಳೆಯುವಾಗ ರಾಡ್ ಮತ್ತು ದಾರ ಒಂದೇ ಗೆರೆಯಲ್ಲಿ ಇರದಂತೆ, ತುದಿಯನ್ನು ಸ್ವಲ್ಪ ಪಕ್ಕಕ್ಕೆ ಇಟ್ಟುಕೊಳ್ಳಿ. ಆಗ ತುದಿಗೆ ಬಾಗಲು ಜಾಗ ಸಿಗುತ್ತದೆ. ಮೀನು ಕಚ್ಚಿದಾಗ ಮೇಲಕ್ಕೆ ಜಗ್ಗಬೇಡಿ. ರೀಲ್ ಸುತ್ತುವುದನ್ನು ನಿಲ್ಲಿಸದೆ, ಭಾರ ಪೂರ್ತಿ ಬಂದ ಮೇಲೆ ರಾಡನ್ನು ಪಕ್ಕಕ್ಕೆ ಎಳೆದುಕೊಳ್ಳಿ. ಟ್ರೆಬಲ್ ಗಾಳಗಳು ಮೊಂಡಾಗಿದ್ದರೆ ಅವನ್ನೂ ಬದಲಾಯಿಸಿ, ಹೊಸ ರಾಡ್‌ಗಿಂತ ಅದು ಎಷ್ಟೋ ಅಗ್ಗ.